ರ‍್ಯಾಂಪಿನ ಕೆಳಗೆ ಇರಬೇಕಿದ್ದ ದಾರಿ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ಎರಡು ಹೆದ್ದಾರಿಗಳಿಗೆ ಮದುವೆ ಮಾಡಿಸುವುದು ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಬಿಡಿಸಿ ಹೇಳಲು ಕೂತರೆ ಕೇಳಿದವರೇ ಆಕಳಿಸುತ್ತಾರೆ. ಒಂದು ಹೆದ್ದಾರಿ ಇನ್ನೊಂದನ್ನು ಸೇತುವೆಯ ಮೇಲಿಂದ ದಾಟುತ್ತದೆ ಎನ್ನಿ. ಮೇಲಿನ ಲಾರಿ ಕೆಳಗಿನ ರಸ್ತೆಗೆ ಇಳಿಯಬೇಕು, ಕೆಳಗಿನದು ಮೇಲಕ್ಕೆ ಏರಬೇಕು. ಅದಕ್ಕಾಗಿ ಬಳಸಿಕೊಂಡು ಹೋಗುವ ಕೂಡುರಸ್ತೆಗಳೇ ರ‍್ಯಾಂಪುಗಳು. ಅವು ಎಷ್ಟು ಬಾಗಬೇಕು, ಬಾಗುವಲ್ಲಿ ಹೊರಗಿನ ಅಂಚು ಎಷ್ಟು ಎತ್ತರವಿರಬೇಕು, ಬಾಗು ಎಲ್ಲಿ ಮೆಲ್ಲಗೆ ಶುರುವಾಗಿ ಎಲ್ಲಿ ಮೆಲ್ಲಗೆ ಮುಗಿಯಬೇಕು ಎಂದು ಕಂಪ್ಯೂಟರಿನ ಮುಂದೆ ಕೂತು ಗೆರೆ ಎಳೆಯುವುದು ನನ್ನ ಹೊಟ್ಟೆಪಾಡು. ಒಳ್ಳೆಯ ರ‍್ಯಾಂಪು ಎಂದರೆ ಅದರ ಮೇಲೆ ಹೋದವನಿಗೆ ತಾನು ತಿರುಗಿದ್ದೇ ಗೊತ್ತಾಗಬಾರದು. ಅಂಥ ರ‍್ಯಾಂಪುಗಳನ್ನು ನಾನು ಬೇಕಾದಷ್ಟು ಮಾಡಿದ್ದೇನೆ. ಕೆಟ್ಟದ್ದು ಮಾಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಹುಬ್ಬಳ್ಳಿಯ ಆಫೀಸಿಗೆ ಒಂದು ಹೊಸ ಎಕ್ಸ್‌ಪ್ರೆಸ್ ರಸ್ತೆಯ ಕೆಲಸ ಬಂತು. ಅದು ಹಳೆಯ ಹೆದ್ದಾರಿಯನ್ನು ದಾಟುವ ಜಾಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಅಂದರೆ ನನ್ನ ತವರಿನಲ್ಲಿ. ಇಂಡಿ ತಾಲ್ಲೂಕಿನ ನಿಂಬೆಹಣ್ಣು, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ತೊಗರಿ ಎಲ್ಲವೂ ಇಲ್ಲಿಂದಲೇ ಏರಿ ದೂರದೂರದ ಪೇಟೆಗೆ ಹೋಗುತ್ತವೆ ಎಂದು ವರದಿಯ ಮೊದಲ ಪುಟದಲ್ಲಿ ಬರೆದಿತ್ತು. ವರದಿಯ ಮೊದಲ ಪುಟದಲ್ಲಿ ಎಲ್ಲರೂ ಉದ್ಧಾರವಾಗುತ್ತಾರೆ. ನಾನು ಓದಿ ಖುಷಿಪಟ್ಟೆ. ಆಮೇಲೆ ನಕ್ಷೆ ತೆರೆದು ನೋಡಿದರೆ, ನಾನು ಎಳೆಯಬೇಕಾದ ದೊಡ್ಡ ಬಾಗು ನೇರವಾಗಿ ನನ್ನ ಅಕ್ಕನ ಊರಿನ ಹೊಲದ ದಾರಿಯ ಮೇಲೆ ಹಾದುಹೋಗುತ್ತಿತ್ತು.

ಊರು ಗೊಳಸಂಗಿಯಿಂದ ಹೆಚ್ಚು ದೂರವಿಲ್ಲ. ಹೆಸರು ಬೇಡ, ಅವರು ಇನ್ನೂ ನಮ್ಮ ಬೀಗರು. ಊರು ಈ ಕಡೆ, ಎರೆಹೊಲಗಳೆಲ್ಲ ಆ ಕಡೆ, ನಡುವೆ ಒಂದೇ ಚಕ್ಕಡಿ ದಾರಿ. ಅಕ್ಕನ ಹೊಲ ಮನೆಯ ಮಾಳಿಗೆ ಹತ್ತಿದರೆ ಕಾಣುತ್ತದೆ. ಆ ಹೊಲ ಹೆಸರಿಗೆ ಅವಳ ಗಂಡನದು. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಮಾಮಾನಿಗೆ ಗುಡಿಯ ಕಮಿಟಿ, ಚಹಾದಂಗಡಿಯ ಕಟ್ಟೆ, ಊರ ನ್ಯಾಯ ಇವೇ ಸಾಕಾಗಿ ಹೊಲಕ್ಕೆ ಪುರುಸೊತ್ತು ಸಿಗುವುದಿಲ್ಲ. ಬಿತ್ತುವುದು, ಎಡೆ ಹೊಡೆಯುವುದು, ಚಕ್ಕಡಿ ಹೂಡಿಕೊಂಡು ಹೋಗಿ ಬರುವುದು ಎಲ್ಲ ಅಕ್ಕನೇ. ಹೆಂಗಸು ಚಕ್ಕಡಿ ಹೊಡೆಯುತ್ತಾಳೆ ಎಂದು ಮೊದಮೊದಲು ಊರು ನಕ್ಕಿತ್ತು. ಅವಳ ಜೋಳದ ತೆನೆ ನೋಡಿದ ಮೇಲೆ ನಗುವುದನ್ನು ಬಿಟ್ಟಿತು. ಅವಳಿಗೆ ಮಕ್ಕಳಿಲ್ಲ. ಎರಡು ಎತ್ತು, ಆ ಹೊಲ, ಇವಿಷ್ಟೇ ಅವಳು ತನ್ನದು ಎಂದು ಹೇಳಿಕೊಳ್ಳುತ್ತಿದ್ದದ್ದು.

ದಾರಿ ಮುಚ್ಚಿದರೆ ಅವಳು ಮುಂದಿನ ಹಳ್ಳಿಯವರೆಗೂ ಹೋಗಿ, ಅಲ್ಲಿನ ಸೇತುವೆಯ ಕೆಳಗೆ ನುಸುಳಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಎತ್ತಿನ ನಡಿಗೆಗೆ ಅದು ಅರ್ಧ ಹೊತ್ತಿನ ದಾರಿ. ಹಾಗಾಗಿ ನಾನು ರ‍್ಯಾಂಪಿನ ದಿಬ್ಬದ ಕೆಳಗೆ ಒಂದು ಅಂಡರ್‌ಪಾಸ್ ಹಾಕಿದೆ. ಅಕ್ಕನಿಗಾಗಿ ಹಾಕಿದೆಯೇ ಎಂದರೆ ಹೌದು, ಅಕ್ಕನಿಗಾಗಿ. ಊರಿನ ಎಲ್ಲ ಚಕ್ಕಡಿಗಳಿಗೂ ಅದೇ ದಾರಿಯಾದ್ದರಿಂದ ನನಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. ದೊಡ್ಡ ದೊಡ್ಡವರು ತಮ್ಮ ಕಾರ್ಖಾನೆಯ ಗೇಟಿನ ಮುಂದೆ ರಸ್ತೆ ತಿರುಗಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಪುಸ್ತಕದಲ್ಲಿ ಲಾರಿಯ ಎತ್ತರ ಇರುತ್ತದೆ, ಕಣಿಕೆ ಹೇರಿದ ಚಕ್ಕಡಿಯ ಎತ್ತರ ಇರುವುದಿಲ್ಲ. ಸುಗ್ಗಿಯಲ್ಲಿ ಜೋಳದ ದಂಟಿನ ಕಣಿಕೆಯನ್ನು ನಮ್ಮವರು ಮನೆಯಷ್ಟು ಎತ್ತರ ಹೇರುತ್ತಾರೆ. ನಾನು ಟೇಪು ಹಿಡಿದು ಅಕ್ಕನ ಅಂಗಳಕ್ಕೆ ಹೋದೆ. ಅಕ್ಕ ಹೇರಿನ ಮೇಲೆ ನಿಂತು ಒಂದು ತುದಿ ಹಿಡಿದಳು, ನಾನು ಕೆಳಗೆ ಇನ್ನೊಂದು ತುದಿ. ಮಾಮಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ.

"ಏನವಾ ಇಂಜಿನಿಯರ್‌ಬಾಯಿ, ನಮ್ಮ ಚಕ್ಕಡಿಗೆ ಅಂಗಿ ಹೊಲಿಸ್ತೀ ಏನ?" ಎಂದು ನಕ್ಕ.

"ದಾರಿ ಹೊಲಿಸ್ತೇನಿ ಮಾಮಾ, ಸುಮ್ಕಿರು," ಎಂದೆ.

"ಹೇರು ಗ್ವಾಡಿಗೆ ತಿಕ್ಕದಂಗ ಅಗಲ ಇರ್ಲಿ ನೋಡು. ಎತ್ತು ಅಂಜಿದ್ರ ಒಳಗ ಹೊಳ್ಳಾಕ ಬರಂಗಿಲ್ಲ," ಎಂದು ಅಕ್ಕ ಮೇಲಿನಿಂದ ಹೇಳಿದಳು.

ಅಗಲ ಇಟ್ಟೆ. ಎತ್ತರವನ್ನೂ ಇಟ್ಟೆ. ಕೆಳಗೆ ಚಕ್ಕಡಿ ಎತ್ತರವಾದರೆ ಮೇಲೆ ರ‍್ಯಾಂಪು ಎತ್ತರವಾಗಬೇಕು, ರ‍್ಯಾಂಪು ಎತ್ತರವಾದರೆ ಅದಕ್ಕೆ ಏರಿಸುವ ಮಣ್ಣು ಹೆಚ್ಚಬೇಕು. ನಮ್ಮ ತಂಡದ ಹಿರಿಯರು ಮುಖ ಗಂಟು ಹಾಕಿಕೊಂಡರೂ ಒಪ್ಪಿದರು. ಒಪ್ಪದವರು ಮೇಲಿನ ಕಚೇರಿಯ ಸಾಹೇಬರು, ನಕ್ಷೆಗಳನ್ನು ಪಾಸು ಮಾಡುವವರು. "ಈ ಕಾಲದಲ್ಲಿ ಎತ್ತಿನ ಗಾಡಿ ಯಾರು ಓಡಿಸ್ತಾರೆ ಮೇಡಂ? ಟ್ರ್ಯಾಕ್ಟರ್ ಇರೋರು ಸುತ್ತಿಕೊಂಡು ಹೋಗ್ತಾರೆ. ನಡೆದು ಹೋಗೋರದ್ದು ಆಮೇಲೆ ನೋಡೋಣ," ಎಂದರು. ಓಡಿಸುತ್ತಾರೆ, ಬಂದು ನೋಡಿ, ಎಂದೆ. ನೋಡುತ್ತೇನೆ, ಗಾಡಿ ಕಂಡರೆ ಅಂಡರ್‌ಪಾಸ್ ಉಂಟು, ಕಾಣದಿದ್ದರೆ ಇಲ್ಲ ಎಂದರು. ಬುಧವಾರ ಬರುವುದೆಂದು ನಿಗದಿಯಾಯಿತು.

ನಾನು ಅಕ್ಕನಿಗೆ ಫೋನು ಮಾಡಿದೆ. ಅವಳು ಊರೆಲ್ಲ ಓಡಾಡಿ, ಬುಧವಾರ ಮುಂಜಾನೆ ಯಾರೂ ಹೊಲದ ಕೆಲಸ ತಪ್ಪಿಸಬಾರದು, ಎಲ್ಲರೂ ಚಕ್ಕಡಿ ಹೂಡಿಕೊಂಡೇ ಹೋಗಬೇಕು ಎಂದು ಒಪ್ಪಿಸಿದಳು. ಯಾರನ್ನೂ ನಾಟಕ ಆಡಲು ಕರೆದಿರಲಿಲ್ಲ. ದಿನವೂ ಹೋಗುವ ದಾರಿಯಲ್ಲೇ ಹೋಗಿ ಎಂದು ಕೇಳಿದ್ದಷ್ಟೇ. ಆಮೇಲೆ ಆಫೀಸಿನಿಂದ ಸುದ್ದಿ ಬಂತು. ಸಾಹೇಬರಿಗೆ ಬುಧವಾರ ಬೇರೆ ಸಭೆ ಇದೆ, ಸೋಮವಾರವೇ ಬರುತ್ತಾರೆ ಎಂದು.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲಿಗೆ ನೊಗ ತಾಗಬಾರದು. ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ನೆರಳಿಗೆ ಕಟ್ಟಿ, ಮೇವು ಹಾಕಿ ಬಿಡಬೇಕು. ನಾನು ದಿನ ಬದಲಿಸಿ ಎಂದು ಬೇಡಿದೆ. ಸಾಹೇಬರ ದಿನ ಬದಲಾಗುವುದೆಂದರೇನು! ಭಾನುವಾರ ಮಧ್ಯಾಹ್ನವೇ ಬಸ್ಸು ಹಿಡಿದು ಊರಿಗೆ ಹೋದೆ.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದ್ದರು. ಒಂದೇ ಒಂದು ಸೋಮವಾರ, ಒಂದೇ ತಾಸು, ಖಾಲಿ ಚಕ್ಕಡಿಯಾದರೂ ಸರಿ, ಹೂಡಿ ದಾರಿಗೆ ತನ್ನಿ ಎಂದು ಕೈಮುಗಿದೆ. ಮಾಮಾ ಎದ್ದು ನಿಂತ. ಸಭೆ ಇದ್ದರೆ ಅವನಿಗೆ ದನಿ ತಾನಾಗಿ ಏರುತ್ತದೆ.

"ನಮ್ಮ ಅಜ್ಜ ಹೂಡಿಲ್ಲ, ನಮ್ಮಪ್ಪ ಹೂಡಿಲ್ಲ. ಯಾವನೋ ಸಾಹೇಬ ಬರ್ತಾನಂತ ನಾ ಹೂಡ್ಲೇನ? ಬಸವಣ್ಣನ ಹೆಗಲ ಮ್ಯಾಲ ನೊಗ ಇಟ್ಟು ದಾರಿ ಬೇಡೂ ದರ್ದು ನಮಗ ಬಂದಿಲ್ಲ."

ಕಟ್ಟೆ ಹೌದೌದು ಎಂದಿತು. ವರ್ಷಕ್ಕೊಮ್ಮೆಯೂ ಹೊಲಕ್ಕೆ ಕಾಲಿಡದವನು ಎತ್ತಿನ ಹೆಗಲಿನ ಬಗ್ಗೆ ಮಾತಾಡುತ್ತಿದ್ದ. ನನಗೆ ಮೈ ಉರಿದು, ನಿನಗೆಲ್ಲಿ ದಾರಿಯ ದರ್ದು ಬರಬೇಕು, ಚಹಾದಂಗಡಿ ಈ ಕಡೆಯೇ ಇದೆಯಲ್ಲ, ಎಂದುಬಿಟ್ಟೆ. ಕೆಲವರು ನಕ್ಕರು. ಮಾಮಾ ಕೂತ. ಆದರೆ ನಕ್ಕವರಲ್ಲಿ ಒಬ್ಬರೂ ನಾನು ಹೂಡುತ್ತೇನೆ ಎನ್ನಲಿಲ್ಲ.

ಅಕ್ಕನ ಹೊಲದ ಪಕ್ಕದ ಹೊಲ ಒಬ್ಬ ಮುಸ್ಲಿಂ ಮುದುಕರದು. ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಅವರಿಗಾದರೂ ಈ ಕಟ್ಟುಪಾಡಿಲ್ಲವಲ್ಲ ಎಂದು ಅವರ ಮನೆಗೆ ಹೋದೆ. ಅವರು ನೀರು ಕೊಟ್ಟು ಕೂರಿಸಿ, ಗಡ್ಡ ನೀವಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು.

"ನಿನ್ನ ಮಾತು ಖರೇ ಐತಿ ಬೇಟಿ. ಆದ್ರ ಎತ್ತಿಗೆ ಜಾತಿ ಐತೇನ? ನಮ್ಮ ಅಬ್ಬಾನ ಕಾಲದಾಗಿಂದ ನಾವೂ ಸೋಮವಾರ ಹೂಡಿಲ್ಲ. ಎತ್ತು ತಾವಾ ಏಳೂದಿಲ್ಲ ನೋಡು ಅವತ್ತ," ಎಂದರು.

ಕೊನೆಗೆ ಅಕ್ಕನನ್ನು ಕೇಳಿದೆ. ಅವಳು ದನ ಕಟ್ಟುವ ಹಕ್ಕಿಯಲ್ಲಿ ಎತ್ತುಗಳಿಗೆ ನೀರು ಇಡುತ್ತಿದ್ದಳು. ನಿನ್ನದೊಂದೇ ಚಕ್ಕಡಿ ಸಾಕು, ಒಂದು ಕಂಡರೂ ನಾನು ವಾದ ಮಾಡುತ್ತೇನೆ, ಹೋಗುವುದು ನಿನ್ನ ಹೊಲ ಎಂದೆ. ಅವಳು ಒಂದು ಎತ್ತಿನ ಹೆಗಲ ಮೇಲೆ ಕೈಯಿಟ್ಟಳು. ಅಲ್ಲಿ ನೊಗ ತಿಕ್ಕಿ ತಿಕ್ಕಿ ಕೂದಲು ಉದುರಿ ಜಡ್ಡುಗಟ್ಟಿತ್ತು.

"ವಾರದಾಗ ಇದೊಂದ ದಿನ ಇವಕ್ಕ ಆರಾಮ. ಬಾಯಿ ಇಲ್ಲದವು. ನನ್ನ ದಾರಿ ಸಂಬಂಧ ಇವುಗಳ ದಿನ ನಾ ಕಸ್ಕೊಳ್ಳಂಗಿಲ್ಲ. ನೀ ಶಾಣ್ಯಾಕಿ ಅದಿ, ಸಾಹೇಬಗ ತಿಳಿಸಿ ಹೇಳು," ಎಂದಳು.

ಮಾಮಾನ ಮೇಲೆ ಸಿಟ್ಟು ಬಂದರೆ ಬೈಯಬಹುದು. ಇವಳ ಮೇಲೆ ಬಂದ ಸಿಟ್ಟನ್ನು ಏನು ಮಾಡಲಿ? ಇವತ್ತಿಗೂ ಅದು ನನ್ನ ಹತ್ತಿರವೇ ಇದೆ.

ಸೋಮವಾರ ಸಾಹೇಬರು ಬಂದರು. ಚಕ್ಕಡಿ ದಾರಿ ಈ ತುದಿಯಿಂದ ಆ ತುದಿಯವರೆಗೆ ಬಟ್ಟಬಯಲು. ಒಂದು ನಾಯಿ ಮಾತ್ರ ಅಡ್ಡಾಡುತ್ತಿತ್ತು. ಊರ ಬೇವಿನ ಗಿಡಗಳ ಕೆಳಗೆ ಎತ್ತುಗಳು ಮಿರಮಿರ ಮಿಂಚುತ್ತ ಮಲಗಿ ಮೆಲುಕು ಹಾಕುತ್ತಿದ್ದವು. ನಾನು ಸೋಮವಾರದ ರೂಢಿಯನ್ನು ವಿವರಿಸಿದೆ. ದಾರಿಯಲ್ಲಿ ಚಕ್ಕಡಿ ಗಾಲಿಗಳು ಕೊರೆದ ಆಳವಾದ ಎರಡು ಗೆರೆಗಳನ್ನು ತೋರಿಸಿದೆ. ಅವರು ಸಾವಧಾನವಾಗಿಯೇ ಕೇಳಿದರು. ಅವರು ಕೆಟ್ಟವರೇನಲ್ಲ, ಅದೇ ತಾಪತ್ರಯ. ಕೆಟ್ಟವರಾಗಿದ್ದರೆ ಜಗಳ ಮಾಡಬಹುದಿತ್ತು.

"ನೋಡಿ ಮೇಡಂ, ನಿಜವಾಗಲೂ ಅಗತ್ಯ ಇದ್ದರೆ ಒಂದು ದಿನದ ಮಟ್ಟಿಗಾದರೂ ತರ್ತಿದ್ದರು. ಇವರಿಗೇ ಬೇಡ ಅಂದಮೇಲೆ ನಾನು ಯಾರಿಗೆ ಅಂತ ಬರೀಲಿ?" ಎಂದರು.

ಆಗಲೂ ಎಲ್ಲ ಕೈ ಮೀರಿರಲಿಲ್ಲ. ಕಟ್ಟೆಯ ಹಿರಿಯರು ಸಾಲಾಗಿ ಬಂದು ನಿಂತಿದ್ದರು. ಒಬ್ಬರು ಬಾಯಿ ಬಿಟ್ಟು ನಮಗೆ ದಾರಿ ಬೇಕು ಎಂದಿದ್ದರೆ ಸಾಹೇಬರು ಇನ್ನೊಮ್ಮೆ ಯೋಚಿಸುತ್ತಿದ್ದರೇನೋ. ಬಾಯಿ ಬಿಟ್ಟದ್ದು ಮಾಮಾ. ಶಾಲು ಸರಿಮಾಡಿಕೊಂಡು ಮುಂದೆ ಬಂದು, ಬೇರೆಯದನ್ನೇ ಕೇಳಿದ.

"ಸಾಹೇಬ್ರ, ನಿಮ್ಮ ರೋಡು ದುಂಡಗ ತಿರಗತೈತಂತ, ಅದರ ನಡುವ ಜಾಗಾ ಖಾಲಿ ಉಳಿತೈತಂತ. ಅಲ್ಲಿ ಒಂದು ಬಸವಣ್ಣನ ಮೂರ್ತಿ ಕುಂದ್ರಸ್ರಿ. ಬಾಗೇವಾಡಿ ಸೀಮಿ ಅಂತ ಹೋಗೂ ಬರೂ ಮಂದಿಗೆ ಗೊತ್ತಾಗ್ಲಿ."

ಸಾಹೇಬರ ಮುಖ ಅರಳಿತು. ಬಹಳ ಒಳ್ಳೆಯ ಸಲಹೆ ಎಂದರು. ಊರವರು ಚಪ್ಪಾಳೆ ತಟ್ಟಿದರು. ಎತ್ತುಗಳ ದಾರಿಯನ್ನು ಕೊಟ್ಟು ಸಿಮೆಂಟಿನ ಎತ್ತನ್ನು ಇಸಕೊಂಡ ವ್ಯವಹಾರ ನನ್ನ ಕಣ್ಣೆದುರಿಗೇ ಮುಗಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ. ಕೋಣ ಪಾಪ ಚಪ್ಪಾಳೆ ತಟ್ಟುವುದಿಲ್ಲ.

ಹುಬ್ಬಳ್ಳಿಗೆ ಬಂದು ಅಂಡರ್‌ಪಾಸ್ ಅಳಿಸಿದೆ. ನಾನು ಅಳಿಸದಿದ್ದರೆ ಪಕ್ಕದ ಕುರ್ಚಿಯವನು ಅಳಿಸುತ್ತಿದ್ದ. ಅದರ ಜಾಗದಲ್ಲಿ ಮಳೆನೀರು ಹರಿಯಲು ಒಂದು ಪೈಪು ಉಳಿಯಿತು. ಕೆಳಗೆ ಚಕ್ಕಡಿ ಇಲ್ಲವಾದ್ದರಿಂದ ರ‍್ಯಾಂಪನ್ನು ತಗ್ಗಿಸಿದೆ. ತಗ್ಗಿಸಿದ ಮೇಲೆ ಏರು ಕಡಿಮೆಯಾಯಿತು, ಬಾಗು ಇನ್ನೂ ನಯವಾಯಿತು. ನಿಜ ಹೇಳಬೇಕೆಂದರೆ ನಾನು ಮಾಡಿದ ರ‍್ಯಾಂಪುಗಳಲ್ಲೆಲ್ಲ ಅದೇ ಚೆಂದದ್ದು. ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವಾಗ ಈಗಲೂ ಅದನ್ನೇ ತೆರೆದು ತೋರಿಸುತ್ತಾರೆ, ನನ್ನನ್ನು ಕರೆದು ಎರಡು ಮಾತಾಡಿ ಎನ್ನುತ್ತಾರೆ. ನಾನು ತಲೆನೋವು ಎಂದು ಹೇಳಿ ಹೊರಗೆ ಹೋಗುತ್ತೇನೆ.

ರಸ್ತೆ ಆಯಿತು. ತಂತಿಬೇಲಿ ಬಿತ್ತು. ಮೂರ್ತಿ ಕೂತಿತು, ಬಿಳಿ ಬಣ್ಣ, ಕೊಂಬಿಗೆ ಬಂಗಾರದ ಬಣ್ಣ. ಲಾರಿಯವರು ಅದನ್ನು ಸುತ್ತು ಹಾಕಿ ಹೋಗುತ್ತಾರೆ. ಊರವರಿಗೆ ಅಲ್ಲಿಗೂ ದಾರಿಯಿಲ್ಲ. ಸೋಮವಾರ ಹೂವಿನ ಹಾರ ಹಿಡಿದು ಬೇಲಿ ಹಾರುತ್ತಾರೆ, ಎರಡೂ ಕಡೆ ನೋಡಿ ಓಡುತ್ತಾರೆ. ಮಾಮಾ ಒಂದು ಸಲ ಹಾರಲು ಹೋಗಿ ಧೋತರ ಹರಿದುಕೊಂಡ ಎಂದು ಕೇಳಿ ನಾನು ಮನಸಾರೆ ನಕ್ಕೆ. ಒಳ್ಳೆಯ ಹೆಂಗಸಿನ ಲಕ್ಷಣವಲ್ಲ, ಆದರೂ ನಕ್ಕೆ.

ಅಕ್ಕ ಒಂದು ಬೆಳೆಯ ಮಟ್ಟಿಗೆ ಹಟ ಹಿಡಿದಳು. ನಸುಕಿನಲ್ಲಿ ಹೂಡಿಕೊಂಡು ಹೆದ್ದಾರಿಯ ಅಂಚಿನಲ್ಲಿ ಮುಂದಿನ ಹಳ್ಳಿಯವರೆಗೂ ಹೋಗಿ, ನುಸುಳಿ, ಹಿಂದೆ ಬರುವುದು. ಹೊಲ ಮುಟ್ಟುವಷ್ಟರಲ್ಲಿ ಬಿಸಿಲು ಏರಿ ಎತ್ತುಗಳು ದಣಿದಿರುತ್ತಿದ್ದವು. ಹಿಂದಿನಿಂದ ಲಾರಿಗಳು ಹಾರ್ನು ಹೊಡೆದರೆ ಅವು ಬೆದರಿ ನೊಗ ಎಳೆದಾಡುತ್ತಿದ್ದವು. ಒಂದು ದಿನ ಚಕ್ಕಡಿ ತಗ್ಗಿಗೆ ಇಳಿದು ನೊಗಕ್ಕೆ ಕೂಡುವ ಈಸುಮರ ಮುರಿಯಿತು, ಒಂದು ಎತ್ತಿನ ಕಾಲು ಊದಿಕೊಂಡಿತು. ಕಾಲು ನೆಟ್ಟಗಾಗುವವರೆಗೆ ಅಕ್ಕ ಅದಕ್ಕೆ ಔಷಧಿ ಹಚ್ಚಿದಳು. ಆಮೇಲೆ ಎರಡನ್ನೂ ದೇವರ ಹಿಪ್ಪರಗಿಯ ಸಂತೆಗೆ ಹೊಡೆದುಕೊಂಡು ಹೋದಳು.

"ನಿನಗ ಹೇಳಿದ್ರ ಅಳತಿ ಅಂತ ಹೇಳಲಿಲ್ಲ," ಎಂದು ಫೋನಿನಲ್ಲಿ ಹೇಳಿದಳು. ಅಳುತ್ತಿದ್ದವಳು ಅವಳು. ಹೊಲವನ್ನು ಆ ಕಡೆಯ ಹಳ್ಳಿಯ ಒಂದು ಕುಟುಂಬಕ್ಕೆ ಲಾವಣಿಗೆ ಹಾಕಿದಳು. ಇನ್ನು ಮೇಲೆ ಉಳುವುದು ಬಿತ್ತುವುದು ಅವರದು, ಇವಳ ಮನೆಗೆ ಬರುವುದು ಒಂದು ಪಾಲು ಕಾಳು. ತಿನ್ನಲು ಸಾಕಾಗುತ್ತದೆ. ಮುಂಜಾನೆ ಎದ್ದು ಏನು ಮಾಡಬೇಕೋ ತಿಳಿಯುವುದಿಲ್ಲ ಎನ್ನುತ್ತಾಳೆ.

ಈ ಸಲ ಎಳ್ಳು ಅಮಾವಾಸ್ಯೆಗೆ ನಾನು ಕಾರು ತೆಗೆದುಕೊಂಡು ಅವಳ ಊರಿಗೆ ಹೋದೆ. ಅವತ್ತು ನಮ್ಮ ಸೀಮೆಯ ಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಎಡೆ ಹಿಡಿದು, ಹೊಲದ ತುಂಬ ಅನ್ನ ಕಡುಬಿನ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಚರಗ ಚೆಲ್ಲಬೇಕಾದವರು ಉಳುವವರು. ಅಂದರೆ ಈ ವರ್ಷ ಅಕ್ಕನ ಹೊಲದಲ್ಲಿ ಚೆಲ್ಲುವುದು ಲಾವಣಿಯವರ ಹಕ್ಕು. ಆದರೂ ಅಕ್ಕ ಸಜ್ಜೆರೊಟ್ಟಿ, ಶೇಂಗಾಹೋಳಿಗೆ, ಅನ್ನ, ಕಡುಬು, ಪುಂಡಿಪಲ್ಯ ಎಲ್ಲ ಮಾಡಿ ಬುಟ್ಟಿ ತುಂಬಿ ಬಾಗಿಲಲ್ಲಿಟ್ಟುಕೊಂಡು ಕೂತಿದ್ದಳು.

ಮಾಮಾನೇ ಉಪಾಯ ಹೇಳಿದ. "ನಿನ್ನ ತಂಗಿ ರೋಡು ನಮ್ಮ ಹೊಲದ ಬಾಜೂಕ ಹೊಕ್ಕೈತಿ. ಕಾರಿನಾಗ ಹೋಗೂನು. ಮ್ಯಾಲಿಂದ ಒಂದು ಮುಷ್ಟಿ ಚಲ್ಲಿ ಬರೂನು. ಯಾರ ತಕರಾರೂ ಇಲ್ಲ."

ಅವನ ದನಿಯಲ್ಲಿ ಕಟ್ಟೆಯ ಗತ್ತು ಇರಲಿಲ್ಲ. ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳು ಆ ರಸ್ತೆಯ ಮೇಲೆ ಹೋಗುತ್ತಿದ್ದದ್ದು ಅದೇ ಮೊದಲು. ಹೆದ್ದಾರಿಯಿಂದ ರ‍್ಯಾಂಪಿಗೆ ಏರಿದೆವು. ನನ್ನ ಹಿಂದೆ ಒಂದು ಲಾರಿ, ಅದರ ಹಿಂದೆ ಇನ್ನೊಂದು.

"ಅದಾ ನಮ್ಮ ಬನ್ನಿಗಿಡ! ನಿಲ್ಲಸು, ನಿಲ್ಲಸು," ಎಂದಳು ಅಕ್ಕ.

"ಇಲ್ಲಿ ನಿಲ್ಲಸಾಕ ಬರೂದಿಲ್ಲಕ್ಕ. ಹಿಂದ ಲಾರಿ ಅದಾವು."

"ಸಾವಕಾಶರೆ ಹೊಡಿಯವಾ."

ಸ್ವಲ್ಪ ನಿಧಾನಿಸಿದ್ದೇ ತಡ, ಹಿಂದಿನವನು ಕಿವಿ ಕಿತ್ತು ಹೋಗುವಂತೆ ಹಾರ್ನು ಹೊಡೆದ. ಅಕ್ಕ ಗಾಜು ಇಳಿಸಿ, ಮುಷ್ಟಿ ತುಂಬ ಅನ್ನ ತೆಗೆದು ಕೈ ಹೊರಗೆ ಚಾಚಿದಳು. ಬನ್ನಿಗಿಡದ ಕೆಳಗೆ ಲಾವಣಿಯವರ ಕುಟುಂಬ ಕೂತಿತ್ತು. ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ಜೋಳದ ನಡುವೆ ನಡೆಯುತ್ತ ಚರಗ ಚೆಲ್ಲುತ್ತಿದ್ದಳು. ಅವಳು ತಲೆಯೆತ್ತಿ ನಮ್ಮ ಕಾರಿನ ಕಡೆ ನೋಡಿದಳು. ಅಕ್ಕನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ರಸ್ತೆ ತಿರುಗಿ ಹೊಲ ಹಿಂದೆ ಹೋಯಿತು. ಈಗ ಎರಡೂ ಕಡೆ ಕಬ್ಬಿಣದ ತಡೆ, ಕೆಳಗೆ ಕರಿ ಡಾಂಬರು.

"ಹೊಳ್ಳಸು," ಎಂದಳು.

"ಇಲ್ಲಿ ಹೊಳ್ಳಾಕ ಬರೂದಿಲ್ಲ. ಮುಂದಿನ ಎಕ್ಸಿಟ್‌ತನಕಾ ಹೋಗಬೇಕು."

ಮಾಮಾ ಹಿಂದೆ ತಿರುಗಿ ಮೆಲ್ಲಗೆ ಹೇಳಿದ. "ಎಲ್ಲಾ ಭೂಮ್ತಾಯಿನ. ಇಲ್ಲೇ ಚಲ್ಲಿಬಿಡು."

"ಇಲ್ಲೆಲ್ಲೈತಿ ಭೂಮಿ?" ಎಂದು ಅಕ್ಕ ಕೇಳಿದಳು.

ಮುಂದಿನ ಎಕ್ಸಿಟ್ ಬರುವವರೆಗೂ ಅವಳು ಮುಷ್ಟಿ ಬಿಚ್ಚಲಿಲ್ಲ.